ನಾಲೆ ಬಂದ ಮೇಲೆ

ನನ್ನ ಅಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು, ನಾಗಮಂಗಲದ ಕಡೆಯಿಂದ ಪಾಂಡವಪುರದ ಕಡೆಗೆ ಮದುವೆ ಮಾಡಿ ಕೊಟ್ಟದ್ದು 1940ರ ಸುಮಾರಿಗೆ. ಆ ಸಂಬಂಧ ಕೂಡುವ ಮೊದಲು ಅವಳ ತವರಿನಲ್ಲಿ ದೊಡ್ಡ ವಾದವೇ ನಡೆದಿತ್ತಂತೆ. ನಾಗಮಂಗಲವೆಂದರೆ ಕೆರೆ ತುಂಬಿದ ವರ್ಷ ಒಂದಿಷ್ಟು ನೆಲ್ಲು, ಇಲ್ಲದ ವರ್ಷ ರಾಗಿ, ಹುರುಳಿ. ಗಂಡಿನ ಮನೆಯಾದರೋ ನಾಲೆ ಬಯಲು. ವರ್ಷವಿಡೀ ಹಸಿರು, ದಿನಾ ಅನ್ನ. ಆದರೂ ಅಜ್ಜಿಯ ತಾತ ತಲೆಯಾಡಿಸಿ, "ಅನ್ನ ಉಣ್ಣಕ್ಕೆ ಹೋಗಿ ಚಳಿಜ್ವರದಲ್ಲಿ ಮಲಗ್ತದೆ ಮೊಗ, ಬ್ಯಾಡ" ಎಂದಿದ್ದರಂತೆ. ಹೆಣ್ಣಿನ ತಾಯಿ ಮಾತ್ರ, ಹಸಿವಿಗಿಂತ ಜ್ವರ ವಾಸಿ ಎಂದು ಹೇಳಿ ವೀಳ್ಯ ಬದಲಾಯಿಸಿದಳು. ಇಬ್ಬರು ಹೇಳಿದ್ದೂ ನಿಜವಾಯಿತು. ಅಜ್ಜಿ ಅನ್ನ ಉಂಡಳು. ಮದುವೆಯಾದ ಎರಡನೆಯ ವರ್ಷದಿಂದ ನಾಟಿ ಮುಗಿದ ಮೇಲೆ ನಡುಗುತ್ತ ಮಲಗುವುದನ್ನೂ ಕಲಿತಳು.

ಆ ಜ್ವರ ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಕಟ್ಟೆ ಕಟ್ಟಿ ನಾಲೆ ತೆಗೆದದ್ದು ಶತಮಾನಗಳ ಹಿಂದೆ. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ಕೆಳಗೆ ಭತ್ತ, ಕಬ್ಬು ಬೆಳೆದು ರಾಜಧಾನಿ ಉಂಡಿತು. 1847ರಲ್ಲಿ ಪಾಲಹಳ್ಳಿಯಲ್ಲಿ ಇಂಗ್ಲಿಷರ ಕಂಪನಿಯೊಂದು ಸಕ್ಕರೆ ಕಾರ್ಖಾನೆಯನ್ನೇ ತೆರೆದು, ಸುತ್ತಲ ರೈತರ ಆಲೆಮನೆಗಳಿಂದ ಬೆಲ್ಲ ಕೊಂಡು ಸಕ್ಕರೆ ಮಾಡಿತು. ಆದರೆ ಅದೇ ನೀರಿನ ನಡುವೆ ಬಾಳುವುದು ಕಷ್ಟವೆಂಬುದೂ ಊರಿಗೆಲ್ಲ ಗೊತ್ತಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆಯಲ್ಲಿ ನೆಲೆಯೂರಿದ ಬ್ರಿಟಿಷ್ ಸೈನ್ಯ ಹತ್ತು ವರ್ಷವಷ್ಟೇ ಅಲ್ಲಿತ್ತು. ಜ್ವರದಲ್ಲಿ ಸಿಪಾಯಿಗಳು ಸಾಯುವುದನ್ನು ತಾಳಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಎತ್ತಿಕೊಂಡು ಹೋದರು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಟಿಪ್ಪುವಿನ ಕೋಟೆ ಗೆದ್ದವರನ್ನು ಅಲ್ಲಿಂದ ಓಡಿಸಿದ್ದು ಸೊಳ್ಳೆ ಎಂದು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಆಗಿನವರಿಗೂ ಅದು ಗೊತ್ತಿರಲಿಲ್ಲವೆನ್ನಿ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದೇ ನಂಬಿಕೆ. ಮಲೇರಿಯಾ ಎಂಬ ಇಟಲಿಯ ಮಾತಿಗೂ ಕೆಟ್ಟ ಗಾಳಿ ಎಂದೇ ಅರ್ಥ.

ಗಾಳಿಯಲ್ಲ, ಸೊಳ್ಳೆ ಎಂದು ತೋರಿಸಿದ ರೊನಾಲ್ಡ್ ರಾಸ್ ತಮ್ಮ ಮೊದಲ ಪಾಠ ಕಲಿತದ್ದು ನಮ್ಮ ಬೆಂಗಳೂರಿನಲ್ಲಿಯೇ. 1883ರಲ್ಲಿ ಅಲ್ಲಿ ಸೈನ್ಯದ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಕಾಟ ವಿಪರೀತ. ಕಿಟಕಿಯ ಹೊರಗಿದ್ದ ಪೀಪಾಯಿಯೊಂದರಲ್ಲಿ ಬಗ್ಗಿ ನೋಡಿದರೆ ನೀರಿನ ತುಂಬ ಕುಣಿಯುವ ಹುಳ. ಪೀಪಾಯಿ ಮಗುಚಿಸಿದರು, ಕೋಣೆಯ ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ಸುತ್ತಲಿನ ಪಾತ್ರೆ ಪಡಗಗಳನ್ನೂ ಹೀಗೇ ಮಗುಚಿಸೋಣವೆಂದು ಮೇಲಿನ ಅಧಿಕಾರಿಯನ್ನು ಕೇಳಿದರೆ ಆತ ಒಪ್ಪಲಿಲ್ಲ. ಅದು ಸೃಷ್ಟಿಯ ನಿಯಮಕ್ಕೆ ವಿರುದ್ಧ, ದೇವರು ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೆ ಹುಟ್ಟಿಸಿದ್ದಾನೆ, ಸಹಿಸಿಕೊಳ್ಳಬೇಕು ಎಂದನಂತೆ. ಹದಿನಾಲ್ಕು ವರ್ಷದ ನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜ ಕಂಡರು. ಸೊಳ್ಳೆಯ ಹೊಟ್ಟೆ ಸೀಳುವುದಕ್ಕಿಂತ ಮೊದಲು ಅವರು ಪೀಪಾಯಿ ಮಗುಚಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ. ಆ ಕೆಲಸಕ್ಕೆ ಸೂಕ್ಷ್ಮದರ್ಶಕವೇನೂ ಬೇಕಿರಲಿಲ್ಲ.

ಅಷ್ಟು ಹೊತ್ತಿಗೆ ನಮ್ಮಲ್ಲಿ ದೊಡ್ಡ ನೀರು ಬರುವ ಕಾಲ ಹತ್ತಿರವಾಗುತ್ತಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಅದೇ ಈಗಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆ ಸುರಂಗ ದಾಟಿ ನೀರು ಮಂಡ್ಯದ ಬಯಲಿಗೆ ಇಳಿದದ್ದನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಹೋಗಿದ್ದರೆಂದು ಅಜ್ಜಿಯ ಗಂಡ, ನಮ್ಮ ತಾತ, ಹೇಳುತ್ತಿದ್ದರು. 1934ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಈ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ನೀರಿನ ಜೊತೆ ನಾಲೆಯ ಏರಿಯಿಂದ ಜಿನುಗಿದ ಜೌಗು, ಬಸಿದು ಹೋಗದ ಗುಂಡಿ, ನಾಟಿ ಗದ್ದೆಯ ತೆಳು ನೀರು ಕೂಡ ಬಂದವು. ಹೊಸ ಬಯಲಿನ ಹಳ್ಳಿಗಳಲ್ಲಿ ಮಕ್ಕಳ ಹೊಟ್ಟೆ ಮುಟ್ಟಿದರೆ ಎಡಗಡೆ ಗೆಡ್ಡೆ ಸಿಗುತ್ತಿತ್ತು. ಊದಿಕೊಂಡ ಗುಲ್ಮ ಅದು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ವೈದ್ಯರು ಹೀಗೆ ಮಕ್ಕಳ ಹೊಟ್ಟೆ ಮುಟ್ಟಿಯೇ ಲೆಕ್ಕ ಹಾಕುತ್ತಿದ್ದರು.

ಮೈಸೂರು ಸಂಸ್ಥಾನ ಸುಮ್ಮನೆ ಕೂತಿರಲಿಲ್ಲ. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು, ಡಾ. ಸ್ವೀಟ್ ಎಂಬವರ ಜೊತೆಗೂಡಿ ಮಲೇರಿಯಾ ಪರಿಶೀಲನೆ ಆರಂಭಿಸಿತು. ಅದಕ್ಕೆ ಆರಿಸಿದ ಊರುಗಳನ್ನು ನೋಡಿ: ಮಲೆನಾಡಿಗೆ ಮೂಡಿಗೆರೆ, ಬಯಲು ಸೀಮೆಗೆ ಹಿರಿಯೂರು, ಕಾವೇರಿ ಬಯಲಿಗೆ ಶ್ರೀರಂಗಪಟ್ಟಣದ ಪಕ್ಕದ ನಾಗೇನಹಳ್ಳಿ. ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುವವರು ಆ ಊರಿನ ಹೆಸರಿನ ಪುಟ್ಟ ಸ್ಟೇಷನ್ ನೋಡಿಯೇ ಇರುತ್ತೀರಿ. ಸುತ್ತಲೂ ಗದ್ದೆ, ಕಬ್ಬು, ತೆಂಗು. ಆ ಕಾಲದಲ್ಲಿ ಅಲ್ಲಿ ಆಳುಗಳು ಸೌಟಿನಂಥ ಸಾಧನ ಹಿಡಿದು ನಾಲೆಯಂಚು, ಗದ್ದೆ ಬದುಗಳಲ್ಲಿ ಸೊಳ್ಳೆಮರಿ ಎತ್ತಿ ಎಣಿಸುತ್ತಿದ್ದರು. ಕೊಟ್ಟಿಗೆಯ ಗೋಡೆ ತಡಕಿ ದೊಡ್ಡ ಸೊಳ್ಳೆ ಹಿಡಿಯುತ್ತಿದ್ದರು. ಸೊಳ್ಳೆಗಳೆಲ್ಲ ಒಂದೇ ಅಲ್ಲ ಎಂಬುದು ಇಂಥ ಕೆಲಸದಿಂದ ಗಟ್ಟಿಯಾಯಿತು. ನಮ್ಮ ಬಯಲಿನಲ್ಲಿ ಜ್ವರ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಅದಕ್ಕೆ ಕೊಳೆತ ಚರಂಡಿ ಬೇಡ. ಬಿಸಿಲು ಬೀಳುವ ತಿಳಿನೀರು ಬೇಕು. ನಾಟಿ ಹಾಕಿದ ಹೊಸತರಲ್ಲಿ ಪೈರಿನ ನಡುವೆ ಬಿಸಿಲು ಬಿದ್ದಾಗ ಅದು ಚೆನ್ನಾಗಿ ಮರಿ ಮಾಡುತ್ತದೆ. ಪೈರು ಮೊಣಕಾಲುದ್ದ ಬೆಳೆದು ನೀರಿಗೆ ನೆರಳು ಕವಿದರೆ ತಗ್ಗುತ್ತದೆ. ಅಜ್ಜಿ ನಾಟಿಯ ಮುಂದೆಯೇ ಮಲಗುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಊರಿಗೆ ಅನ್ನ ಬೆಳೆಯುವ ಜಾಗ ಯಾವುದೋ ಅದೇ ಸೊಳ್ಳೆಯ ತೊಟ್ಟಿಲು. ಆ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಿಲ್ಲುತ್ತಿದ್ದವರು ಹೆಂಗಸರು.

ಆಗಿನ್ನೂ ಡಿಡಿಟಿ ಬಂದಿರಲಿಲ್ಲ. ಪ್ಯಾರಿಸ್ ಗ್ರೀನ್ ಎಂಬ, ಆರ್ಸೆನಿಕ್ ವಿಷವಿರುವ ಹಸಿರು ಪುಡಿಯನ್ನು ಧೂಳಿಗೆ ಬೆರೆಸಿ ನೀರಿನ ಮೇಲೆ ಎರಚುವುದು, ಎಣ್ಣೆ ಸುರಿಯುವುದು, ಇವು ಇದ್ದವು. ಮಿಕ್ಕ ದಾರಿಗಳೆಲ್ಲ ನೀರನ್ನೇ ಪಳಗಿಸುವ ದಾರಿಗಳು. ಗುಂಡಿ ಮುಚ್ಚುವುದು, ನಾಲೆಯಂಚಿನ ಹುಲ್ಲು ಸವರುವುದು, ಬಸಿಗಾಲುವೆ ತೆಗೆಯುವುದು, ಮೀನು ಬಿಡುವುದು. ಮೀನಿನ ವಿಷಯದಲ್ಲಿ ಮೈಸೂರು ಸಂಸ್ಥಾನಕ್ಕೆ ದೊಡ್ಡ ಹೆಸರಿದೆ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದವರು ಡಾ. ಬಿ. ಎ. ರಾವ್. ಬೆಂಗಳೂರಿನಿಂದ ಅದರ ಸಂತಾನ ದೇಶದ ಎಷ್ಟೋ ಬಾವಿ, ಕೊಳಗಳಿಗೆ ಹೋಯಿತು. ಕಿರುಬೆರಳಿನಷ್ಟುದ್ದವೂ ಇಲ್ಲದ ಮೀನು, ದಿನಕ್ಕೆ ನೂರಾರು ಮರಿ ನುಂಗಬಲ್ಲದು. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಸೊಳ್ಳೆಮರಿ ಮಾತ್ರ ತಿಂದು ಸುಮ್ಮನಿರುವ ಸಾಧುವಲ್ಲ. ಊರ ಮೀನುಗಳ ಮೊಟ್ಟೆ, ಕಪ್ಪೆಮರಿ ಎಲ್ಲಕ್ಕೂ ಬಾಯಿ ಹಾಕುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ. ತೊಟ್ಟಿಗೆ, ಬಾವಿಗೆ ಸರಿ, ನದಿಗೂ ಕೆರೆಗೂ ಬಿಡಬಾರದು. ನಮ್ಮ ಹಳ್ಳಗಳಲ್ಲೇ ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆಯಿರುವ ಪುಟ್ಟ ಮೀನೊಂದಿದೆ. ಅದಕ್ಕೂ ಸೊಳ್ಳೆಮರಿ ಇಷ್ಟ.

ಗದ್ದೆಗೆ ಮೀನಿಗಿಂತ ಒಳ್ಳೆಯ ಉಪಾಯ ಕಂಡುಕೊಂಡದ್ದು ಕಾವೇರಿಯ ಕೆಳದಂಡೆಯಲ್ಲಿ. 1934ರಲ್ಲಿ ಮೆಟ್ಟೂರು ಕಟ್ಟೆ ಆದ ಮೇಲೆ ತಂಜಾವೂರು ಜಿಲ್ಲೆಯ ಪಟ್ಟುಕ್ಕೋಟೆ ಕಡೆಗೂ ಹೊಸ ನೀರು, ಹೊಸ ಜ್ವರ ಬಂದವು. ಅಲ್ಲಿ ಕೆಲಸ ಮಾಡಿದ ಪಾಲ್ ರಸಲ್ ಮತ್ತು ಅವರ ಜೊತೆಗಾರರು 1942ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಕೆಲವು ದಿನ ಕಟ್ಟಿ, ಆಮೇಲೆ ಬಿಟ್ಟು ನೆಲ ಆರಲು ಬಿಡುವುದು, ಇಷ್ಟೇ. ಬಿಸಿ ಸೀಮೆಯಲ್ಲಿ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಅದಕ್ಕೆ ಮೊದಲೇ ನೀರು ಹಿಂಗಿದರೆ ಮರಿ ಕೆಸರಿನಲ್ಲಿ ಸಾಯುತ್ತದೆ. ಹದವಾಗಿ ಮಾಡಿದರೆ ಭತ್ತಕ್ಕೆ ನಷ್ಟವಿಲ್ಲ, ನೀರೂ ಉಳಿಯುತ್ತದೆ. ಇವತ್ತು ಕೃಷಿ ವಿಜ್ಞಾನಿಗಳು ನೀರು ಉಳಿಸಲೆಂದು ಇದನ್ನೇ ಹೊಸ ಹೆಸರಿನಲ್ಲಿ ಹೇಳುತ್ತಿದ್ದಾರೆ.

ಹಾಗಾದರೆ ನಮ್ಮ ಬಯಲಿನಲ್ಲಿ ಇದು ಏಕೆ ಬೇರೂರಲಿಲ್ಲ? ತಾತನನ್ನು ಕೇಳಿದ್ದರೆ ಒಂದೇ ಮಾತು ಹೇಳುತ್ತಿದ್ದರು: ಇವತ್ತು ಬಿಟ್ಟ ನೀರು ನಾಳೆ ಬರುತ್ತದೆಂದು ಯಾರು ಬರೆದುಕೊಡುತ್ತಾರೆ? ನಾಲೆಯ ತುದಿಯ ರೈತ ನೀರು ಸಿಕ್ಕಾಗ ತುಂಬಿಟ್ಟುಕೊಳ್ಳುತ್ತಾನೆ. ತಪ್ಪೆನ್ನಲು ನನಗೆ ಮನಸ್ಸಿಲ್ಲ. ಇನ್ನು ಒಬ್ಬ ಆರಿಸಿ ಪಕ್ಕದವ ಆರಿಸದಿದ್ದರೆ ಸೊಳ್ಳೆಗೆ ಬದು ದಾಟುವುದು ಕಷ್ಟವಲ್ಲ. ಮಳೆ ಹಿಡಿದರೆ ಆರುವುದೇ ಇಲ್ಲ. ಎತ್ತಿನ ಗೊರಸಿನ ಗುಂಡಿಯಲ್ಲಿ ನಿಂತ ನೀರು ಸಾಕು ಮರಿಗೆ. ಆದರೆ ವರದಿ ಬರೆದವರು ಮುಖ್ಯವೆಂದು ಎಣಿಸದ ಒಂದು ಕಾರಣ ಅಜ್ಜಿಗೆ ಗೊತ್ತಿತ್ತು. ಗದ್ದೆ ಆರಿದರೆ ಕಳೆ ಹುಟ್ಟುತ್ತದೆ. ನೀರು ನಿಲ್ಲಿಸುವುದೇ ಅರ್ಧ ಕಳೆ ಅಡಗಿಸಲು. "ಒಣಗಿಸಿ ಅಂತ ಹೇಳ್ದೋರು ಕಳೆ ಕೀಳಕ್ಕೆ ಬತ್ತರಾ?" ಎಂದು ನಕ್ಕಿದ್ದಳು, ನಾನು ಕಾಲೇಜಿನಲ್ಲಿ ಓದಿದ್ದನ್ನು ದೊಡ್ಡದಾಗಿ ಹೇಳಹೋದಾಗ. ನಾಟಿಯ ಹಾಗೆ ಕಳೆಯೂ ನಮ್ಮ ಕಡೆ ಹೆಣ್ಣಾಳಿನ ಕೆಲಸ. ಸೊಳ್ಳೆಯನ್ನು ವಿಷವಿಲ್ಲದೆ ತಡೆಯುವ ಉಪಾಯದ ಕೂಲಿಯನ್ನು ಕೊನೆಗೆ ಅವಳ ಸೊಂಟವೇ ಕೊಡಬೇಕಿತ್ತು.

ಅಷ್ಟರಲ್ಲಿ ಡಿಡಿಟಿ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಪಂಪು ಹೊತ್ತವರು ಮನೆ ಮನೆಗೆ ಬಂದು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಅದಕ್ಕೂ ಮೊದಲು ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂದು ಅಂದಾಜಿತ್ತು. 1965ರ ಹೊತ್ತಿಗೆ ಒಂದು ಲಕ್ಷ ಪ್ರಕರಣಕ್ಕೆ ಇಳಿಯಿತು. ಡಿಡಿಟಿಯನ್ನು ಬೈಯುವುದು ಈಗ ಸುಲಭ. ಅಜ್ಜಿಯ ನಡುಕ ನಿಂತದ್ದು ಅದರಿಂದಲೇ, ನನ್ನ ಅಪ್ಪನ ತಂಗಿಯರು ಬದುಕುಳಿದದ್ದೂ ಪ್ರಾಯಶಃ ಅದರಿಂದಲೇ. ನನ್ನ ದೂರು ಬೇರೆ. ಅದು ಬಂದದ್ದೇ ತಡ, ಮೀನು, ಬಸಿಗಾಲುವೆ, ಗದ್ದೆ ಆರಿಸುವುದು ಎಲ್ಲ ಕಡತ ಸೇರಿದವು. ಸೊಳ್ಳೆ ವಿಷಕ್ಕೆ ಒಗ್ಗಿಕೊಂಡಿತು. 1976ರಲ್ಲಿ ಪ್ರಕರಣಗಳು 64 ಲಕ್ಷಕ್ಕೆ ಏರಿದಾಗ ಕೈಯಲ್ಲಿ ಪಂಪು ಮಾತ್ರ ಉಳಿದಿತ್ತು.

ಆ ವರ್ಷಗಳ ನೆನಪು ನನಗಿರುವುದು ಕೆ.ಆರ್. ಪೇಟೆ ಕಡೆಯಿಂದ. ಸೋದರಮಾವನ ಊರು ಹೇಮಾವತಿಯ ಮಂದಗೆರೆ ಅಣೆಕಟ್ಟೆಯ ನಾಲೆಗೆ ಸೇರಿದ್ದು; ಅವರದೊಂದು ಆಲೆಮನೆ. ಆಲೆಮನೆಯೆಂದರೆ ನಿಮಗೆ ಬಿಸಿಬೆಲ್ಲದ ವಾಸನೆ, ಕಬ್ಬಿನ ಹಾಲು ನೆನಪಾಗಬಹುದು. ಕೊಪ್ಪರಿಗೆಯ ಹತ್ತಿರ ಸೊಳ್ಳೆ ಸುಳಿಯುವುದಿಲ್ಲ, ನಿಜ. ಆದರೆ ಅಚ್ಚು ತೊಳೆಯುವ ನೀರಿನ ಡ್ರಮ್ಮು, ಎತ್ತಿನ ತೊಟ್ಟಿ, ತೊಳೆದ ನೀರು ನಿಲ್ಲುವ ಹೊಂಡ, ಒಡೆದ ಮಡಕೆ, ತೆಂಗಿನ ಚಿಪ್ಪು, ಒಂದೇ ಎರಡೇ. ಗಾಣದಾಳುಗಳ ಸಂಸಾರ ರಚ್ಚಿನ ರಾಶಿಯ ಪಕ್ಕದಲ್ಲೇ ಮಲಗುವುದು. ಒಂದು ವರ್ಷ ಅವರಲ್ಲೊಬ್ಬರ ಕೂಸು ಚಳಿಜ್ವರದಲ್ಲಿ ಉಳಿಯಲಿಲ್ಲ. ಮಾವನಿಗೆ ತುಂಬ ಹೊಡೆತ ಬಿತ್ತು. ಯಾರೋ ಹೇಳಿದರೆಂದು ಗಮಾಕ್ಸಿನ್ ಪುಡಿ ತಂದು ಗೋಡೆ, ಗೂಡು, ಹೊಂಡದ ದಂಡೆಗೆಲ್ಲ ಎರಚಿಸಿದರು. ಸೊಳ್ಳೆ ಹೋಯಿತೋ ಬಿಟ್ಟಿತೋ, ಬೆಲ್ಲಕ್ಕೆ ವಾಸನೆ ಹತ್ತಿತು. ಬೆಲ್ಲದ ಗುಣವೇ ಅದು. ಗಾಳಿಯ ತೇವವನ್ನೂ ಹೀರುತ್ತದೆ, ಪಕ್ಕದ ವಾಸನೆಯನ್ನೂ ಹೀರುತ್ತದೆ. ಮಂಡಿಯವರೊಬ್ಬರು ಅಚ್ಚು ಮುರಿದು ಮೂಸಿ ಗಾಡಿಯನ್ನೇ ವಾಪಸು ಕಳಿಸಿದರು. ಆ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. ಮೂಸಿ ನೋಡಿದವರು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ನಿಷೇಧಿಸಿದ್ದರು ಎನ್ನಬೇಕು.

ಮಾವ ತಲೆಯ ಮೇಲೆ ಕೈ ಹೊತ್ತು ಕೂತಾಗ ಕೆಲಸ ಕೈಗೆತ್ತಿಕೊಂಡವರು ಅತ್ತೆ. ಅವರು ರಾಸ್ ಹೆಸರು ಕೇಳಿದವರಲ್ಲ. ಮೊದಲು ಅಮಾವಾಸ್ಯೆಗೊಮ್ಮೆ, ಗಾಣ ನಿಲ್ಲಿಸಿದ ದಿನ, ಡ್ರಮ್ಮುಗಳನ್ನೆಲ್ಲ ಮಗುಚಿಸಿದರು. ಹದಿನೈದು ದಿನಕ್ಕೇ ಮತ್ತೆ ಹುಳ ಕಂಡವು. ಆಮೇಲೆ ಪ್ರತಿ ಸಂತೆ ದಿನಕ್ಕೆ ಬದಲಾಯಿಸಿದರು. ವಾರಕ್ಕೊಮ್ಮೆ ಎಂಬ ಲೆಕ್ಕ ಸೊಳ್ಳೆಯ ಲೆಕ್ಕಕ್ಕೆ ಸರಿಯಾಗಿ ಕೂತಿತು. ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ತೆಂಗಿನ ಗುಂಜು, ಬೂದಿ ಹಾಕಿ ಉಜ್ಜಬೇಕೆಂಬುದು ಅವರ ಹಟ. ಅದೆಷ್ಟು ಸರಿಯೆಂದು ಡೆಂಗೆ ಬಂದ ಮೇಲೆ ತಿಳಿಯಿತು. ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ; ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಉಜ್ಜದೆ ತುಂಬಿದ ಡ್ರಮ್ಮು ತೊಳೆದ ಡ್ರಮ್ಮಲ್ಲ. ಎತ್ತಿನ ತೊಟ್ಟಿಗೆ ಹಳ್ಳದಿಂದ ಚುಕ್ಕೆ ಮೀನು ತಂದು ಬಿಟ್ಟರು. ಹೊಂಡದ ನೀರಿಗೆ ಕಾಲುವೆ ಕಡಿದು ತೆಂಗಿನ ಪಾತಿಗಳಿಗೆ ಸರದಿಯಂತೆ ತಿರುಗಿಸಿದರು. ತಮ್ಮ ಹಳೆಯ ವಾಯಿಲ್ ಸೀರೆಗಳನ್ನು ಹೊಲಿದು ಕೂಸುಗಳ ತೊಟ್ಟಿಲಿಗೆ ಪರದೆ ಮಾಡಿಕೊಟ್ಟರು. ಸಂಜೆ ಲಕ್ಕಿಸೊಪ್ಪಿನ ಹೊಗೆ ಹಾಕುತ್ತಿದ್ದುದೂ ಉಂಟು. ಆ ಹೊಗೆಯ ಬಗ್ಗೆ ನಾವು ಹೆಂಗಸರು ಸ್ವಲ್ಪ ಹೆಚ್ಚೇ ಭಕ್ತಿಯಿಂದ ಮಾತಾಡುತ್ತೇವೆ. ಹೊಗೆ ಇರುವವರೆಗೆ ಸೊಳ್ಳೆ ದೂರ, ಆರಿದ ಮೇಲೆ ಹತ್ತಿರ. ಕಣ್ಣು, ಎದೆ ಉರಿಯುವುದು ಮಾತ್ರ ನಮಗೆ.

ವಿಷ ಹೊಡೆಯಲಾಗದ ಇನ್ನೊಂದು ಕಸುಬು ನಮ್ಮಲ್ಲಿದೆ, ರೇಷ್ಮೆ. ಅದು ಉಣ್ಣುವ ವಸ್ತುವಲ್ಲ, ಆದರೆ ಬಿಕ್ಕಟ್ಟು ಒಂದೇ. ಸೊಳ್ಳೆ ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಕೋಲಾರದ ಕಡೆ ಹುಳು ಸಾಕುವ ಹಳ್ಳಿಗಳಲ್ಲಿ ಜನ ಪಂಪಿನವರನ್ನು ಒಳಗೆ ಬಿಡಲೊಪ್ಪಲಿಲ್ಲ. ಆಗ ಮಲೇರಿಯಾ ಸಂಶೋಧನೆಯವರು ಹಳೆಯ ಕಡತ ತೆರೆದು, ಬಾವಿಗಳಿಗೆ ಗ್ಯಾಂಬೂಸಿಯಾ, ಗಪ್ಪಿ ಮೀನು ಬಿಟ್ಟು ನೋಡಿದರು. ಜ್ವರ ಇಳಿಯಿತು. ಅಲ್ಲಿ ಸೊಳ್ಳೆ ಮರಿ ಮಾಡುತ್ತಿದ್ದುದು ಮುಖ್ಯವಾಗಿ ಬಾವಿಗಳಲ್ಲಿ, ಹಾಗಾಗಿ ಮೀನು ಗೆದ್ದಿತು. ನಮ್ಮ ಹಾಗೆ ಮೈಲುಗಟ್ಟಲೆ ಗದ್ದೆಯಿದ್ದರೆ ಅಷ್ಟು ಸುಲಭವಲ್ಲ. ಮಂಡ್ಯದ ಗದ್ದೆಗಳಿಗೆ ಇನ್ನೊಂದು ಸೊಳ್ಳೆಯ ಕುಖ್ಯಾತಿಯೂ ಇದೆ. ಮಕ್ಕಳ ಮಿದುಳಿಗೆ ತಗಲುವ ಜಪಾನಿ ಜ್ವರವನ್ನು ಹಂದಿ, ಬೆಳ್ಳಕ್ಕಿಗಳಿಂದ ಹೊತ್ತು ತರುವ ಕ್ಯೂಲೆಕ್ಸ್ ಅದು. ನಮ್ಮ ಜಿಲ್ಲೆಯಲ್ಲಿ ಅದನ್ನು ಹಿಡಿದು ಪರೀಕ್ಷಿಸಿದ ವಿಜ್ಞಾನಿಗಳ ವರದಿ 1994ರಲ್ಲಿ ಬಂತು. ಅದಕ್ಕೆ ಎರಡು ವರ್ಷ ಮೊದಲು ಇನ್ನೊಂದು ತಂಡ ಬೇವಿನ ಉತ್ಪನ್ನವನ್ನು ನೀರು ಕಟ್ಟಿ ಬಿಡುವ ಪದ್ಧತಿಯೊಡನೆ ಸೇರಿಸಿ ಗದ್ದೆಯಲ್ಲಿ ಪ್ರಯೋಗಿಸಿದ ವಿವರ ಪ್ರಕಟಿಸಿತ್ತು. ಮತ್ತೆ ಅದೇ ನೀರಿನ ಮಾತು!

ಈಗ ಬೇಸಿಗೆಯಲ್ಲಿ ಕನ್ನಂಬಾಡಿಯ ಮಟ್ಟ ಇಳಿದಾಗ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಇಷ್ಟು ದಿನ ಹರಿಸಿ, ಇಷ್ಟು ದಿನ ನಿಲ್ಲಿಸುವುದು. ಸೊಳ್ಳೆಗಾಗಿ ಯಾರೂ ಒಪ್ಪದ ಏರ್ಪಾಡನ್ನು ಬರ ಒಪ್ಪಿಸಿದೆ. ಆದರೆ ನಿಲ್ಲಿಸುವ ದಿನಗಳನ್ನು ಗೊತ್ತುಮಾಡುವುದು ಜಲಾಶಯದ ಮಟ್ಟ ನೋಡಿ. ಜ್ವರದ ಲೆಕ್ಕ ಇಡುವವರು ಇನ್ನೊಂದು ಇಲಾಖೆಯವರು. ಕಳೆಯ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವ ಇಲಾಖೆ ಯಾವುದೆಂದು ನಾನು ಇನ್ನೂ ಹುಡುಕುತ್ತಿದ್ದೇನೆ.

ಅತ್ತೆ ತೀರಿಕೊಂಡ ಮೇಲೆ ಆಲೆಮನೆ ನೋಡಿಕೊಳ್ಳುವವಳು ಅವರ ಸೊಸೆ. ಡ್ರಮ್ಮುಗಳ ಬಾಯಿಗೆ ನೈಲಾನ್ ಪರದೆ ಬಿಗಿದಿದ್ದಾಳೆ, ಸಂತೆ ದಿನದ ಉಜ್ಜಾಟ ಬಿಟ್ಟಿಲ್ಲ. ಈಗ ಆಳುಗಳು ಉತ್ತರ ದೇಶದಿಂದ ಬರುತ್ತಾರೆ. ಭಾಷೆ ಬಾರದ ಅವರಿಗೆ ಅವಳು ಒಂದು ಲೋಟದಲ್ಲಿ ನೀರು ಮೊಗೆದು, ಬಿಸಿಲಿಗೆ ಹಿಡಿದು, ಒಳಗೆ ಕುಣಿಯುವ ಹುಳ ತೋರಿಸಿ, ಎರಡು ಕೈ ಆಡಿಸಿ ರೆಕ್ಕೆ ಮಾಡಿ ತೋರಿಸುತ್ತಾಳಂತೆ. ಮಾರನೆಯ ವಾರ ಅವರೇ ಡ್ರಮ್ಮು ಉರುಳಿಸಲು ಬರುತ್ತಾರೆ.